ಪ್ಲೇಟ್‌ಲೆಟ್ ಒಂದನ್ನೇ ನೋಡಬೇಡಿ: ಮೂಳೆಮಜ್ಜೆ ಸೋತದ್ದನ್ನು ಗುರುತಿಸುವುದು ಹೇಗೆ?

ಮಳೆಗಾಲದ ಬೆಂಗಳೂರಿನಲ್ಲಿ ಪ್ಲೇಟ್‌ಲೆಟ್ ಇಳಿಯಿತೆಂದರೆ ಡೆಂಗಿ ಎಂದೇ ಲೆಕ್ಕ. ಪಕ್ಕದ ಮನೆಯವರು ಪರಂಗಿ ಎಲೆಯ ರಸ ಹಿಡಿದು ಬಂದೇಬಿಡುತ್ತಾರೆ. ಈ ಲೆಕ್ಕ ಅಪರೂಪಕ್ಕೆ ತಪ್ಪುವುದುಂಟು. ಆಗ ಕಾರಣ ಅಪ್ಲಾಸ್ಟಿಕ್ ಅನೀಮಿಯಾ ಇರಬಹುದು. ರಕ್ತಕಣ ತಯಾರಾಗುವ ಮೂಳೆಮಜ್ಜೆಯೇ ಬರಿದಾಗಿ, ಅಲ್ಲಿ ಕೊಬ್ಬು ತುಂಬಿಕೊಳ್ಳುವ ಕಾಯಿಲೆ ಇದು.

ಮೊದಲು ಚರ್ಮ ನೋಡಿ. ಮೊಣಕಾಲಿನ ಕೆಳಗೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿದ್ದರೆ ಗಾಜಿನ ಲೋಟವನ್ನು ಅವುಗಳ ಮೇಲೆ ಒತ್ತಿ ಹಿಡಿಯಿರಿ. ಸಾಮಾನ್ಯ ಗಂಧೆಯ ಕೆಂಪು ಬಿಳಿಚಿಕೊಳ್ಳುತ್ತದೆ. ಚರ್ಮದಡಿ ರಕ್ತ ಒಸರಿದ ಚುಕ್ಕೆ ಹಾಗೆಯೇ ಉಳಿಯುತ್ತದೆ. ವಸಡಿನಲ್ಲಿ ರಕ್ತ, ಪೆಟ್ಟು ಬಿದ್ದ ನೆನಪಿಲ್ಲದೆ ನೀಲಿಗಟ್ಟಿದ ತೊಡೆ, ನಿಲ್ಲದ ಮುಟ್ಟು ಕೂಡ ಪ್ಲೇಟ್‌ಲೆಟ್ ಕೊರತೆಯ ಸುಳಿವುಗಳೇ.

ದಣಿವನ್ನು ಅಳೆಯುವುದು ಕಷ್ಟ. ಸಿಲ್ಕ್ ಬೋರ್ಡ್ ದಾಟಿ ಮನೆ ಸೇರಿದವರೆಲ್ಲ ದಣಿದವರೇ! ಕಳೆದ ತಿಂಗಳು ಸಲೀಸಾಗಿ ಹತ್ತುತ್ತಿದ್ದ ಮೆಟ್ರೊ ನಿಲ್ದಾಣದ ಮೆಟ್ಟಿಲಲ್ಲಿ ಈಗ ನಡುವೆ ನಿಂತು ಏದುಸಿರು ಬಿಡುತ್ತಿದ್ದರೆ, ಕೆಳರೆಪ್ಪೆಯ ಒಳಭಾಗ ಬಿಳಿಚಿದ್ದರೆ ಗಮನಿಸಿ. ಜ್ವರ, ಬಾಯಿಹುಣ್ಣು ಮರುಕಳಿಸುತ್ತಿದ್ದರೆ ಬಿಳಿ ರಕ್ತಕಣಗಳ ಮೇಲೂ ಅನುಮಾನ ಪಡಬೇಕು.

ಇನ್ನು ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಯ ವರದಿ. ಎಲ್ಲರ ಕಣ್ಣೂ 1.5 ಲಕ್ಷಕ್ಕಿಂತ ಕಡಿಮೆಯಾದ ಪ್ಲೇಟ್‌ಲೆಟ್ ಸಾಲಿಗೇ ಹೋಗುತ್ತದೆ. ಹಿಮೋಗ್ಲೋಬಿನ್, ಬಿಳಿ ಕಣಗಳ ಸಾಲನ್ನೂ ಓದಿ. ಡೆಂಗಿಯಲ್ಲಿ ಹಿಮೋಗ್ಲೋಬಿನ್ ಸಾಮಾನ್ಯವಾಗಿ ಬೀಳುವುದಿಲ್ಲ. ಜ್ವರ ಬಿಟ್ಟ ಕೆಲವೇ ದಿನಗಳಲ್ಲಿ ಪ್ಲೇಟ್‌ಲೆಟ್ ಏರತೊಡಗುತ್ತದೆ. ಮೂರೂ ಇಳಿದಿದ್ದರೆ ಹಳೆಯ ವರದಿಗಳ ಸಮೇತ ರಕ್ತರೋಗ ತಜ್ಞರನ್ನು ಕಾಣಿ. ಹೆದರಿ ಕೂರಬೇಡಿ, ಬಿ12 ಕೊರತೆಯೂ ಮೂರನ್ನೂ ಇಳಿಸಬಲ್ಲದು. ಸೊಂಟದ ಹಿಂಬದಿಯ ಮೂಳೆಯಿಂದ ಮಜ್ಜೆಯ ಚೂರು ತೆಗೆದು ಪರೀಕ್ಷಿಸಿದ ಮೇಲೆಯೇ ಕಾಯಿಲೆ ಖಚಿತವಾಗುವುದು.

ಅಲ್ಲಿಯವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ. ರಕ್ತ ಬೇಕೆಂದಾಗ ಒಡಹುಟ್ಟಿದವರು ಅಂಗಿಯ ತೋಳು ಮಡಚಿ ಮುಂದೆ ಬರುವುದು ಸಹಜ. ವೈದ್ಯರನ್ನು ಕೇಳದೆ ಅವರ ರಕ್ತ ಬೇಡ. ಮುಂದೆ ಮಜ್ಜೆ ಕಸಿಗೆ ದಾನಿಯಾಗಬೇಕಾದವರು ಅವರೇ ಇರಬಹುದು. ಅವರ ರಕ್ತ ಮೊದಲೇ ಹೋದರೆ, ನಾಳೆ ಕಸಿ ಮಾಡಿದ ಮಜ್ಜೆಯನ್ನು ರೋಗಿಯ ದೇಹ ತಿರಸ್ಕರಿಸುವ ಅಪಾಯ ಹೆಚ್ಚುತ್ತದೆ. ಬಿಳಿ ಕಣ ತೀರಾ ಇಳಿದಿರುವಾಗ ಜ್ವರ 100.4 ಡಿಗ್ರಿ ದಾಟಿತೇ? ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಕಾಯದೆ, ನಡುರಾತ್ರಿಯಾದರೂ ಸರಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.