ವಸಂತ ಬರುವವರೆಗೆ: ಐರ್ಲೆಂಡಿನಲ್ಲಿ ಮೊದಲ ಚಳಿಗಾಲ ಕಳೆಯುವ ಕುಟುಂಬಗಳಿಗೆ ಮಾರ್ಗದರ್ಶಿ

ನವೆಂಬರಿನಿಂದ ಫೆಬ್ರವರಿಯೊಳಗೆ ಐರ್ಲೆಂಡಿಗೆ ಬಂದು ನೆಲೆಸುವ ಕನ್ನಡ ಕುಟುಂಬಗಳು ಮನೆ, ಶಾಲೆ, ಬ್ಯಾಂಕ್ ಖಾತೆಗಳ ವಿಚಾರ ಮುಗಿದ ಮೇಲೆ ನಮ್ಮ ಸಂಘದ ಹಳೆಯ ಸದಸ್ಯರನ್ನು ಹೆಚ್ಚಾಗಿ ಕೇಳುವ ಪ್ರಶ್ನೆಯೆಂದರೆ, ಈ ಮಳೆ ಮತ್ತು ಕತ್ತಲೆ ಯಾವಾಗ ಮುಗಿಯುತ್ತದೆ ಎಂಬುದು. ಉತ್ತರದ ತಿರುಳನ್ನು ಮೊದಲೇ ಹೇಳಿಬಿಡುತ್ತೇವೆ. ಈ ದೇಶದಲ್ಲಿ ಬೆಳಕು ಬೇಗ ಮರಳುತ್ತದೆ, ಬಿಸಿಲಿನ ಕಾವು ಬಹಳ ತಡವಾಗಿ ಬರುತ್ತದೆ. ಕಾವಿಗಾಗಿ ಕಾಯುತ್ತ ಕುಳಿತವರಿಗೆ ಮೇ ತಿಂಗಳವರೆಗೂ ಬೇಸರ ತಪ್ಪುವುದಿಲ್ಲ. ಬೆಳಕನ್ನು ಗಮನಿಸುತ್ತ, ಮನೆಯನ್ನು ಒಣದಾಗಿಟ್ಟುಕೊಂಡು, ಪ್ರತಿದಿನ ಸ್ವಲ್ಪ ಹೊತ್ತು ಹೊರಗೆ ಓಡಾಡುವವರಿಗೆ ಫೆಬ್ರವರಿಯಿಂದಲೇ ದಿನಗಳು ಹಗುರವಾಗುತ್ತವೆ.

ಅಂಕಿಗಳನ್ನಷ್ಟೇ ನೋಡಿದರೆ ಇಲ್ಲಿನ ಚಳಿಗೆ ಹೆದರಬೇಕಾಗಿಲ್ಲ. ಡಬ್ಲಿನ್ ನಗರ ಭೂಮಧ್ಯರೇಖೆಯಿಂದ 53 ಡಿಗ್ರಿಗೂ ಹೆಚ್ಚು ಉತ್ತರದಲ್ಲಿದ್ದರೂ ಅಟ್ಲಾಂಟಿಕ್ ಸಾಗರದ ಬೆಚ್ಚಗಿನ ಪ್ರವಾಹದ ದೆಸೆಯಿಂದ ಜನವರಿ, ಫೆಬ್ರವರಿಗಳಲ್ಲಿ ಹಗಲು ಸಾಮಾನ್ಯವಾಗಿ 8–9 ಡಿಗ್ರಿ, ರಾತ್ರಿ 2–3 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮಳೆಯ ವಿಷಯವೂ ಹಾಗೆಯೇ. ಡಬ್ಲಿನ್ನಿನಲ್ಲಿ ವರ್ಷಕ್ಕೆ ಬೀಳುವ ಸುಮಾರು 750 ಮಿಲಿಮೀಟರ್ ಮಳೆ ಬೆಂಗಳೂರಿನ ಮಳೆಗಿಂತ ಕಡಿಮೆ. ಆಗುಂಬೆಯ ಕಡೆಯವರು ಅದನ್ನು ಮಳೆಯೆಂದು ಒಪ್ಪುವುದೂ ಕಷ್ಟ. ಆದರೆ ನಮ್ಮಲ್ಲಿ ಕೆಲವು ತಿಂಗಳಲ್ಲಿ ಸುರಿದು ಮುಗಿಯುವ ಮಳೆ ಇಲ್ಲಿ ವರ್ಷವಿಡೀ ಹಂಚಿಕೊಂಡು ಬೀಳುತ್ತದೆ. ಪೂರ್ವ ಭಾಗದಲ್ಲಿ ವರ್ಷಕ್ಕೆ ಸುಮಾರು 150 ದಿನ, ಗಾಲ್ವೇ, ಮೇಯೋ ಮೊದಲಾದ ಪಶ್ಚಿಮದ ಕೌಂಟಿಗಳ ಕೆಲವೆಡೆ 225 ದಿನದವರೆಗೂ ಮಳೆಯ ದಿನಗಳೇ. ಗಾಳಿಯೊಂದಿಗೆ ಅಡ್ಡಲಾಗಿ ಹೊಡೆಯುವ ಸಣ್ಣ ತುಂತುರು ಬಟ್ಟೆಗೆ ಇಳಿದ ಮೇಲೆ 8 ಡಿಗ್ರಿಯ ಗಾಳಿಯೂ ಮೈ ಕೊರೆಯುತ್ತದೆ. ಆದ್ದರಿಂದ ಹೊಸಬರು ದಪ್ಪ ಉಣ್ಣೆಯ ಕೋಟಿಗೆ ಹೆಚ್ಚು ಹಣ ಸುರಿಯುವ ಬದಲು, ನೀರು ಒಳಗಿಳಿಯದ, ಟೋಪಿಯಿರುವ ಒಂದು ಒಳ್ಳೆಯ ಜಾಕೆಟ್ ಮತ್ತು ನೀರು ತಡೆಯುವ ಬೂಟುಗಳಿಗೆ ಆ ಹಣವನ್ನು ಹಾಕಬೇಕು. ಒಳಗೆ ಎರಡು ಮೂರು ತೆಳು ಪದರಗಳು ಸಾಕು. ಇಲ್ಲಿನ ಗಾಳಿಗೆ ಕೊಡೆ ಬಾಳುವುದಿಲ್ಲ. ಶಾಲೆಗಳಲ್ಲಿ ಸಣ್ಣ ತುಂತುರಿಗೆಲ್ಲ ಆಟದ ವಿರಾಮ ನಿಲ್ಲುವುದಿಲ್ಲವಾದ್ದರಿಂದ ಮಕ್ಕಳ ಚೀಲದಲ್ಲಿ ಒಂದು ಜೊತೆ ಒಣ ಕಾಲುಚೀಲ ಇಟ್ಟು ಕಳುಹಿಸಿ.

ಬೆಳಕಿನ ಲೆಕ್ಕ

ಬೆಂಗಳೂರಿನಲ್ಲಿ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ಅಂತರ ಹೆಚ್ಚೆಂದರೆ ಒಂದೂವರೆ ಗಂಟೆ. ಡಬ್ಲಿನ್ನಿನಲ್ಲಿ ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಬೆಳಿಗ್ಗೆ 8.40ರ ಹೊತ್ತಿಗೆ ಹುಟ್ಟಿ ಸಂಜೆ 4.10ರೊಳಗೆ ಮುಳುಗುತ್ತಾನೆ, ಜೂನ್ 21ರ ಸುಮಾರಿಗೆ ಹಗಲು 17 ಗಂಟೆ ಮುಟ್ಟುತ್ತದೆ. ಇಷ್ಟು ದೊಡ್ಡ ಏರಿಳಿತಕ್ಕೆ ನಮ್ಮ ದೇಹ ಒಗ್ಗಿಕೊಂಡಿಲ್ಲ. ಮೊದಲ ಚಳಿಗಾಲದಲ್ಲಿ ಕಾರಣವಿಲ್ಲದೆ ಸುಸ್ತಾಗುವುದು, ಬೆಳಿಗ್ಗೆ ಏಳಲಾಗದಿರುವುದು, ಮಕ್ಕಳು ಸಂಜೆ ಐದಕ್ಕೇ ರಾತ್ರಿಯಾಯಿತೆಂದು ಅಳುವುದು ಇವೆಲ್ಲ ಸಹಜ, ಮತ್ತು ಇವು ಯಾರ ಮನೋದೌರ್ಬಲ್ಯವೂ ಅಲ್ಲ. ಆಫೀಸಿಗೆ ಹೋಗುವವರಿಗೆ ಜನರ ನಡುವೆ ಹೊತ್ತು ಹೇಗೋ ಕಳೆದುಹೋಗುತ್ತದೆ. ಕೈಗೂಸಿನೊಂದಿಗೆ ಮನೆಯಲ್ಲೇ ಉಳಿಯುವ ತಾಯಿ, ಇನ್ನೂ ಕೆಲಸ ಸಿಗದ ಸಂಗಾತಿ, ಇವರಿಗೆ ಈ ಕತ್ತಲೆ ಎಲ್ಲರಿಗಿಂತ ಭಾರ ಎಂಬುದನ್ನು ಮನೆಯವರು ಮೊದಲು ಅರಿಯಬೇಕು.

ಮೋಡವಿದ್ದರೂ, ಮಳೆ ಹನಿಯುತ್ತಿದ್ದರೂ, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರೊಳಗೆ ಅರ್ಧ ಗಂಟೆಯಾದರೂ ಮನೆಯಿಂದ ಹೊರಗಿರುವುದು ನಾವು ಸೂಚಿಸುವ ಮುಖ್ಯ ಅಭ್ಯಾಸ. ಮೋಡದ ಹಗಲಿನ ಬೆಳಕು ಕೂಡ ಕೋಣೆಯ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು. ಊರಿನ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವ ಉಚಿತ, 2019ರಿಂದ ತಡವಾಗಿ ಹಿಂದಿರುಗಿಸಿದ ಪುಸ್ತಕಕ್ಕೆ ದಂಡವೂ ಇಲ್ಲ. ಹಲವು ಗ್ರಂಥಾಲಯಗಳಲ್ಲಿ ಪುಟ್ಟ ಮಕ್ಕಳಿಗೆ ಕಥೆ ಹೇಳುವ ಹೊತ್ತು ಇರುತ್ತದೆ, ಅಲ್ಲಿ ಇತರ ತಾಯಂದಿರ ಪರಿಚಯವಾಗುತ್ತದೆ. ಡಬ್ಲಿನ್ನಿನ ಗ್ಲಾಸ್‌ನೆವಿನ್‌ನಲ್ಲಿರುವ ರಾಷ್ಟ್ರೀಯ ಸಸ್ಯೋದ್ಯಾನಕ್ಕೆ ಪ್ರವೇಶ ಉಚಿತ. ಅಲ್ಲಿನ ಗಾಜಿನ ಮನೆಗಳಲ್ಲಿ ಉಷ್ಣವಲಯದ ಗಿಡಗಳಿಗಾಗಿ ವರ್ಷವಿಡೀ ಬೆಚ್ಚಗಿನ ಹವೆ ಕಾಪಾಡುತ್ತಾರೆ. ಫೆಬ್ರವರಿಯ ಮಂಕು ದಿನದಲ್ಲಿ ತಾಳೆಗಳ ನಡುವೆ ಹತ್ತು ನಿಮಿಷ ನಿಂತು ಬಂದವರು ಮತ್ತೆ ಮತ್ತೆ ಅಲ್ಲಿಗೆ ಹೋಗುವುದನ್ನು ನಾವು ಕಂಡಿದ್ದೇವೆ.

ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇಲ್ಲಿನ ಬಿಸಿಲಿಗೆ ಚರ್ಮದಲ್ಲಿ ವಿಟಮಿನ್ ಡಿ ತಯಾರಿಸುವ ಶಕ್ತಿಯಿರುವುದಿಲ್ಲ. ಎದೆಹಾಲು ಕುಡಿಯುವ ಒಂದು ವರ್ಷದೊಳಗಿನ ಶಿಶುಗಳಿಗೆ ದಿನಕ್ಕೆ 5 ಮೈಕ್ರೋಗ್ರಾಂ ಕೊಡಬೇಕೆಂದೂ, 1ರಿಂದ 4 ವರ್ಷದ ಮಕ್ಕಳಿಗೆ ಅಕ್ಟೋಬರ್ 31ರಿಂದ ಮಾರ್ಚ್ 17ರವರೆಗೆ ಅಷ್ಟೇ ಪ್ರಮಾಣ ಕೊಡಬೇಕೆಂದೂ ಇಲ್ಲಿನ ಆರೋಗ್ಯ ಇಲಾಖೆ ಸೂಚಿಸುತ್ತದೆ. ನಮ್ಮಂತೆ ಕಂದು ಮೈಬಣ್ಣದ ದೊಡ್ಡವರು ವರ್ಷವಿಡೀ ತೆಗೆದುಕೊಳ್ಳುವುದು ಒಳ್ಳೆಯದು. ನಿಮ್ಮ ಮನೆಯ ಪ್ರತಿಯೊಬ್ಬರಿಗೂ ಎಷ್ಟು ಬೇಕೆಂದು ಔಷಧಿ ಅಂಗಡಿಯ ಫಾರ್ಮಸಿಸ್ಟ್ ಅವರನ್ನೇ ಕೇಳಬಹುದು. ಇಲ್ಲಿ ಜಿಪಿ ಎಂದು ಕರೆಯುವ ಕುಟುಂಬ ವೈದ್ಯರ ಬಳಿ ಹೆಸರು ನೋಂದಾಯಿಸುವ ಕೆಲಸವನ್ನು ಕಾಯಿಲೆ ಬರುವವರೆಗೆ ಮುಂದೂಡಬೇಡಿ, ಏಕೆಂದರೆ ಹಲವು ಊರುಗಳಲ್ಲಿ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ವೈದ್ಯರು ಸಿಗುವುದು ಕಷ್ಟ. 8 ವರ್ಷದೊಳಗಿನ ಮಕ್ಕಳಿಗೆ ಜಿಪಿ ಭೇಟಿ ಕಾರ್ಡ್ ಮಾಡಿಸಿದರೆ ಭೇಟಿಗೆ ಶುಲ್ಕವಿಲ್ಲ. ಮನಸ್ಸು ಕುಗ್ಗಿ ಎರಡು ವಾರ ಕಳೆದರೂ ಮೇಲೇಳದಿದ್ದರೆ ಜಿಪಿಯವರಿಗೆ ನೇರವಾಗಿ ಹೇಳಿ. ಮಾತನಾಡಲು ಯಾರಾದರೂ ಬೇಕೆನಿಸಿದಾಗ ಸಮಾರಿಟನ್ಸ್ ಸಂಸ್ಥೆಯ 116 123 ಸಂಖ್ಯೆಗೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು.

ಮನೆಯೊಳಗಿನ ತೇವ

ಚಳಿಗಿಂತ ಹೆಚ್ಚಾಗಿ ಹೊಸಬರನ್ನು ಕಾಡುವುದು ಮನೆಯೊಳಗಿನ ತೇವ. ಡಿಸೆಂಬರಿನಲ್ಲಿ ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿದು, ಜನವರಿಯಲ್ಲಿ ರೇಷ್ಮೆ ಸೀರೆಗಳಿಗೆ ಮುಗ್ಗಲು ವಾಸನೆ ಬಂದು, ಫೆಬ್ರವರಿಯಲ್ಲಿ ಮಗುವಿನ ಕೆಮ್ಮು ನಿಲ್ಲದಿರುವ ಮನೆಗಳನ್ನು ಪ್ರತಿ ವರ್ಷ ನೋಡುತ್ತೇವೆ. ಇದರ ಮೂಲ ಬಹುಪಾಲು ಮನೆಯೊಳಗೇ ಹುಟ್ಟುವ ಆವಿ. ಕುಕ್ಕರ್‌ನ ಸೀಟಿ, ಕುದಿಯುವ ಸಾರು, ಬಿಸಿನೀರಿನ ಸ್ನಾನ, ನಮ್ಮ ಉಸಿರು, ಇವೆಲ್ಲದರ ಜೊತೆಗೆ ಕೋಣೆಯಲ್ಲಿ ಒಣಹಾಕಿದ ಒಂದು ಹೊರೆ ಬಟ್ಟೆ ಒಂದೆರಡು ಲೀಟರ್ ನೀರನ್ನು ಗಾಳಿಗೆ ಬಿಡುತ್ತದೆ. ಆ ಆವಿ ತಣ್ಣನೆಯ ಹೊರಗೋಡೆಯನ್ನೂ ಕಿಟಕಿಯ ಗಾಜನ್ನೂ ಮುಟ್ಟಿದಲ್ಲಿ ನೀರಾಗಿ ನಿಲ್ಲುತ್ತದೆ, ನೀರು ನಿಂತಲ್ಲಿ ಬೂಷ್ಟು ಬೆಳೆಯುತ್ತದೆ.

ಹೊರಗೆ ಮಳೆ ಬರುತ್ತಿರುವಾಗ ಕಿಟಕಿ ತೆರೆದರೆ ಇನ್ನಷ್ಟು ತೇವ ಒಳಬರುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಬರುವುದಿಲ್ಲ. 5 ಡಿಗ್ರಿಯ ಗಾಳಿ ಪೂರ್ತಿ ತೇವಗೊಂಡಿದ್ದರೂ ಅದರ ಒಂದು ಘನ ಮೀಟರಿನಲ್ಲಿ 7 ಗ್ರಾಂಗಿಂತ ಕಡಿಮೆ ಆವಿ ಇರುತ್ತದೆ. 19 ಡಿಗ್ರಿಗೆ ಕಾದ ಗಾಳಿ 16 ಗ್ರಾಂ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅಂದರೆ ಒಳಗೆ ಬಂದ ತಣ್ಣನೆಯ ಗಾಳಿ ಕಾದ ಕೂಡಲೇ ಒಣಗಾಳಿಯಾಗುತ್ತದೆ. ಆದ್ದರಿಂದ ಬೆಳಿಗ್ಗೆ ಮತ್ತು ಅಡುಗೆಯ ನಂತರ ಎದುರುಬದುರಿನ ಎರಡು ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆಯಿರಿ, ಆಮೇಲೆ ಮುಚ್ಚಿ ಹೀಟಿಂಗ್ ಹಾಕಿ. ಗೋಡೆಯಲ್ಲಿರುವ ಗಾಳಿಕಿಂಡಿಗಳಿಗೆ ಬಟ್ಟೆ ತುರುಕುವುದು ಇಲ್ಲಿಗೆ ಬಂದ ಎಲ್ಲರಿಗೂ ಮೊದಲ ವಾರದಲ್ಲೇ ಹೊಳೆಯುವ ಉಪಾಯ, ಆದರೆ ಅದು ಅಪಾಯಕರ. ಗ್ಯಾಸ್, ಕಟ್ಟಿಗೆ ಅಥವಾ ಕಲ್ಲಿದ್ದಲು ಉರಿಯುವ ಮನೆಯಲ್ಲಿ ಅದರಿಂದ ಕಾರ್ಬನ್ ಮಾನಾಕ್ಸೈಡ್ ವಿಷಾನಿಲ ತುಂಬಿಕೊಂಡು ಜೀವಕ್ಕೇ ಕುತ್ತಾಗಬಹುದು. ಅಂಥ ಮನೆಯಲ್ಲಿ ಅದರ ಅಲಾರಂ ಇದೆಯೇ, ಕೆಲಸ ಮಾಡುತ್ತಿದೆಯೇ ಎಂದು ಇಂದೇ ನೋಡಿ. ಬೀರು, ಮಂಚಗಳನ್ನು ಹೊರಗೋಡೆಯಿಂದ ಒಂದು ಗೇಣು ದೂರವಿಡಿ. ಒಲೆಯ ಮೇಲಿನ ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುತ್ತದೆಯೋ ಅಥವಾ ಸೋಸಿ ಮತ್ತೆ ಒಳಗೇ ಬಿಡುತ್ತದೆಯೋ ಪರೀಕ್ಷಿಸಿ. ಎರಡನೆಯ ಬಗೆಯದಾದರೆ ಒಗ್ಗರಣೆಯ ಹೊತ್ತಿಗೆ ಕಿಟಕಿ ತೆರೆಯದೆ ಗತಿಯಿಲ್ಲ. ಬಟ್ಟೆ ಒಣಗಿಸಲು ಒಂದೇ ಕೋಣೆಯನ್ನು ಗೊತ್ತುಮಾಡಿ, ಬಾಗಿಲು ಮುಚ್ಚಿ, ಅಲ್ಲಿ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರವನ್ನಿಡಿ. ಮೊದಲ ಚಳಿಗಾಲದಲ್ಲಿ ಮನೆಗೆ ಕೊಳ್ಳುವ ವಸ್ತುಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ನಮಗೆ ತೋರಿಲ್ಲ.

ಹೀಟಿಂಗ್ ವಿಷಯದಲ್ಲಿ ವಿಪರೀತ ಉಳಿತಾಯ ಒಳ್ಳೆಯದಲ್ಲ. ಕೋಣೆಗಳು 18 ಡಿಗ್ರಿಗಿಂತ ಕೆಳಗಿಳಿಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೂರ್ತಿ ತಣ್ಣಗಾದ ಗೋಡೆಯನ್ನು ಮತ್ತೆ ಬಿಸಿಮಾಡುವುದಕ್ಕೂ ಬಹಳ ಹೊತ್ತು ಹಿಡಿಯುತ್ತದೆ. ಹಳೆಯ ಮನೆಗಳಲ್ಲಿ ಸ್ನಾನದ ನೀರು ಕಾಯಿಸುವ ಇಮ್ಮರ್ಶನ್‌ಗೆ ‘ಸಿಂಕ್’ ಮತ್ತು ‘ಬಾತ್’ ಎಂಬ ಎರಡು ಗುಂಡಿಗಳಿರುತ್ತವೆ. ಪಾತ್ರೆ ತೊಳೆಯುವಷ್ಟು ನೀರಿಗೆ ಮೊದಲನೆಯದು ಸಾಕು. ಎರಡನೆಯದನ್ನು ಹಾಕಿ ಮರೆತರೆ ವಿದ್ಯುತ್ ಬಿಲ್ಲು ಏರಿಬಿಡುತ್ತದೆ. ಹೊರಗಿನ ಗಾಳಿಯ ಶಾಖವನ್ನು ಹೀರಿ ಮನೆ ಬಿಸಿಮಾಡುವ ಶಾಖ ಪಂಪ್ (ಹೀಟ್ ಪಂಪ್) ಇರುವ ಹೊಸ ಮನೆಗಳ ರೀತಿ ಬೇರೆ: ಅವುಗಳನ್ನು ಆಗಾಗ ಆರಿಸಿ ಹಾಕದೆ ಸಣ್ಣ ಮಟ್ಟದಲ್ಲಿ ಸದಾ ನಡೆಯಲು ಬಿಡಬೇಕು.

ಇಷ್ಟೆಲ್ಲ ಮಾಡಿದರೂ ಗೋಡೆ ಒದ್ದೆಯಾಗುತ್ತಿದ್ದರೆ ತಪ್ಪು ಕಟ್ಟಡದ್ದಿರಬಹುದು. ಬಾಡಿಗೆ ಮನೆಗಳ ಗುಣಮಟ್ಟದ ಬಗ್ಗೆ 2019ರ ಸರ್ಕಾರಿ ನಿಯಮಗಳಿವೆ. ಮನೆಯಲ್ಲಿ ನೀರು ಜಿನುಗದಂತೆ, ವಾಸದ ಕೋಣೆಗಳಲ್ಲಿ ಹೀಟಿಂಗ್ ಮತ್ತು ಗಾಳಿಯ ವ್ಯವಸ್ಥೆ ಇರುವಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ. ಫೋಟೋ ತೆಗೆದು, ದಿನಾಂಕ ಹಾಕಿ, ಬರಹದಲ್ಲೇ ಮಾಲೀಕರಿಗೆ ತಿಳಿಸಿ. ಸ್ಪಂದನೆ ಇಲ್ಲದಿದ್ದರೆ ಸ್ಥಳೀಯ ಕೌಂಟಿ ಅಥವಾ ನಗರ ಮಂಡಳಿಗೆ ಮನೆಯ ತಪಾಸಣೆಗಾಗಿ ದೂರು ಕೊಡಬಹುದು. ಹೊಸಬರು ಸಂಕೋಚದಿಂದ ಸುಮ್ಮನಿರುತ್ತಾರೆ. ಇದು ನಿಮ್ಮ ಹಕ್ಕು, ಕೇಳಿ ಪಡೆಯಿರಿ.

ಅಡುಗೆಮನೆಯ ಮಾತೊಂದು. ಈ ತಣ್ಣನೆಯಲ್ಲಿ ದೋಸೆ ಹಿಟ್ಟು ರಾತ್ರಿ ಕಳೆದರೂ ಉಬ್ಬುವುದಿಲ್ಲ. ಬಿಸಿನೀರಿನ ಸಿಲಿಂಡರ್ ಇರುವ ಗೂಡನ್ನು ಇಲ್ಲಿನವರು ಹಾಟ್ ಪ್ರೆಸ್ ಎನ್ನುತ್ತಾರೆ. ಟವೆಲುಗಳ ಪಕ್ಕದಲ್ಲಿ ಹಿಟ್ಟಿನ ಪಾತ್ರೆಯನ್ನೂ ಹೆಪ್ಪು ಹಾಕಿದ ಹಾಲನ್ನೂ ಅಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಹದವಾಗಿರುತ್ತವೆ. ಆ ಗೂಡಿಲ್ಲದ ಮನೆಯಲ್ಲಿ ಓವನ್‌ನ ದೀಪವನ್ನಷ್ಟೇ ಉರಿಸಿ ಒಳಗಿಡಬಹುದು.

ಬಿರುಗಾಳಿಯ ದಿನಗಳು

ಮೆಟ್ ಏರನ್ ಎಂಬ ಹವಾಮಾನ ಸಂಸ್ಥೆ ಹಳದಿ, ಕಿತ್ತಳೆ, ಕೆಂಪು ಎಂಬ ಮೂರು ಹಂತದ ಎಚ್ಚರಿಕೆ ಕೊಡುತ್ತದೆ. ಹಳದಿ ಆಗಾಗ ಬರುತ್ತಲೇ ಇರುತ್ತದೆ. ಕೆಂಪು ಬಂದರೆ ಮನೆಯಿಂದ ಹೊರಗೆ ಕಾಲಿಡಬಾರದು, ಆಫೀಸಿನವರು ಏನೇ ಹೇಳಲಿ. 2025ರ ಜನವರಿ 24ರಂದು ಎರಗಿದ ಎಯೋವಿನ್ ಬಿರುಗಾಳಿಯಲ್ಲಿ ಗಾಲ್ವೇ ಕೌಂಟಿಯ ಮೇಸ್ ಹೆಡ್‌ನಲ್ಲಿ ಗಾಳಿಯ ವೇಗ ಗಂಟೆಗೆ 183 ಕಿಲೋಮೀಟರ್ ದಾಖಲಾಯಿತು. ಏಳೂವರೆ ಲಕ್ಷಕ್ಕೂ ಹೆಚ್ಚು ಮನೆ ಮತ್ತು ಕಟ್ಟಡಗಳಿಗೆ ವಿದ್ಯುತ್ ಹೋಯಿತು, ಪಶ್ಚಿಮದ ಕೆಲವು ಹಳ್ಳಿಗಳಿಗೆ ಅದು ಮರಳಲು ಎರಡು ವಾರಕ್ಕೂ ಹೆಚ್ಚು ಹಿಡಿಯಿತು. ವಿದ್ಯುತ್ ಹೋದರೆ ಗ್ಯಾಸ್ ಬಾಯ್ಲರ್ ಕೂಡ ನಿಲ್ಲುತ್ತದೆ, ಸ್ವಂತ ಬಾವಿಯ ಪಂಪೂ ನಿಲ್ಲುತ್ತದೆ. ಆದ್ದರಿಂದ ಟಾರ್ಚ್, ಚಾರ್ಜ್ ಮಾಡಿದ ಪವರ್ ಬ್ಯಾಂಕ್, ಕುಡಿಯುವ ನೀರು, ಮಗುವಿನ ಆಹಾರ ಮತ್ತು ಬೇಯಿಸದೆ ತಿನ್ನಬಹುದಾದ ಅವಲಕ್ಕಿಯಂಥ ಪದಾರ್ಥಗಳನ್ನು ಸದಾ ಇಟ್ಟುಕೊಂಡಿರಿ. ವಿದ್ಯುತ್ ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ ವಿದ್ಯುತ್ ಜಾಲ ನೋಡಿಕೊಳ್ಳುವ ಇಎಸ್‌ಬಿ ನೆಟ್‌ವರ್ಕ್ಸ್‌ನ 1800 372 999ಕ್ಕೂ, ಗ್ಯಾಸ್ ವಾಸನೆ ಬಂದರೆ 1800 20 50 50ಕ್ಕೂ, ಪ್ರಾಣಾಪಾಯದಲ್ಲಿ 112 ಅಥವಾ 999ಕ್ಕೂ ಕರೆ ಮಾಡಿ.

ವಸಂತ ಬರುವ ಬಗೆ

ಇಲ್ಲಿನ ಹಳೆಯ ಲೆಕ್ಕದಲ್ಲಿ ಫೆಬ್ರವರಿ 1, ಸಂತ ಬ್ರಿಜಿಡ್ ದಿನವೇ ವಸಂತದ ಮೊದಲ ದಿನ. 2023ರಿಂದ ಅದರ ಹೆಸರಿನಲ್ಲಿ ಫೆಬ್ರವರಿಯ ಆರಂಭದಲ್ಲಿ ಒಂದು ಸಾರ್ವಜನಿಕ ರಜೆಯೂ ಇದೆ. ಆ ವಾರ ನಿಮ್ಮ ಮಗು ಶಾಲೆಯಿಂದ ಜೊಂಡಿನಲ್ಲಿ ಹೆಣೆದ ಶಿಲುಬೆಯೊಂದನ್ನು ಮನೆಗೆ ತಂದರೆ ಅದು ಈ ಹಬ್ಬದ್ದೇ. ಆ ಹೊತ್ತಿಗೆ ಸೂರ್ಯಾಸ್ತ ಸಂಜೆ ಐದಕ್ಕೆ ಸರಿದಿರುತ್ತದೆ. ಫೆಬ್ರವರಿಯಲ್ಲಿ ಹಗಲು ದಿನಕ್ಕೆ ಸುಮಾರು 4 ನಿಮಿಷದಂತೆ ಬೆಳೆಯುತ್ತದೆ. ಮೊದಲು ಬಿಳಿಯ ಸ್ನೋಡ್ರಾಪ್, ಆಮೇಲೆ ರಸ್ತೆಬದಿಯಲ್ಲೆಲ್ಲ ಹಳದಿಯ ಡ್ಯಾಫೊಡಿಲ್, ಡಬ್ಲಿನ್ ಬಳಿಯ ಹೌತ್ ಗುಡ್ಡದ ಮೇಲೆ ಗಾರ್ಸ್ ಎಂಬ ಮುಳ್ಳುಪೊದೆಗಳ ಹೂವು. ಮಕ್ಕಳಿಗೆ ಇವನ್ನು ಹೆಸರು ಹಿಡಿದು ತೋರಿಸಿ.

ಆದರೆ ಹೂವನ್ನು ನಂಬಿ ಜಾಕೆಟ್ ಒಳಗಿಡಬೇಡಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ನಮ್ಮ ಹಿರಿಯರ ಮಾತು ಇಲ್ಲಿ ನಡೆಯುವುದಿಲ್ಲ. 2018ರಲ್ಲಿ ಫೆಬ್ರವರಿಯ ಕೊನೆ ಮತ್ತು ಮಾರ್ಚ್ ಆರಂಭದಲ್ಲೇ ಎಮ್ಮಾ ಬಿರುಗಾಳಿಯೊಂದಿಗೆ ದೇಶವೆಲ್ಲ ಹಿಮದಲ್ಲಿ ಮುಚ್ಚಿಹೋಗಿತ್ತು. ಮಾರ್ಚ್ ತಿಂಗಳು ತನ್ನನ್ನು ಹಂಗಿಸಿದ ಪಟ್ಟೆಯ ಹಸುವನ್ನು ಕೊಲ್ಲಲು ಏಪ್ರಿಲ್‌ನಿಂದ ದಿನಗಳನ್ನು ಸಾಲ ಪಡೆಯಿತೆಂಬ ಐರಿಷ್ ಜನಪದ ಕಥೆಯೇ ಇದೆ. ಏಪ್ರಿಲ್ ಆರಂಭದ ಕೊರೆಯುವ ಗಾಳಿಗೆ ಇಲ್ಲಿನ ಹಿರಿಯರು ಕೊಡುತ್ತಿದ್ದ ಕಾರಣವದು.

ಮಾರ್ಚ್‌ನ ಕೊನೆಯ ಭಾನುವಾರ ನಸುಕಿನ ಒಂದು ಗಂಟೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಅಂದಿನಿಂದ ಸೂರ್ಯಾಸ್ತ ಸಂಜೆ ಎಂಟರ ಹತ್ತಿರಕ್ಕೆ ಬರುತ್ತದೆ, ಭಾರತದೊಂದಿಗಿನ ಸಮಯದ ಅಂತರ ಐದೂವರೆ ಗಂಟೆಯಿಂದ ನಾಲ್ಕೂವರೆಗೆ ಇಳಿಯುತ್ತದೆ. ಊರಿಗೆ ಫೋನ್ ಮಾಡುವ ಹೊತ್ತನ್ನು ಹೊಂದಿಸಿಕೊಳ್ಳಿ. ಯುಗಾದಿಯೂ ಇದೇ ಆಸುಪಾಸಿನಲ್ಲಿ ಬರುತ್ತದೆ. 2025ರಲ್ಲಿ ಎರಡೂ ಮಾರ್ಚ್ 30ರಂದೇ ಬಂದಿದ್ದವು. ಬೇವಿನ ಎಲೆ, ಮಾವಿನ ಎಲೆ ಬೇಕಾದವರು ಭಾರತೀಯ ಅಂಗಡಿಗಳಲ್ಲಿ ವಾರ ಮೊದಲೇ ಹೇಳಿಡಬೇಕು.

ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಿಗೆ ನಮ್ಮದೊಂದು ಕಳಕಳಿಯ ವಿನಂತಿ. ಭೇಟಿಯ ವೀಸಾದಲ್ಲಿ ಅವರು ಇಲ್ಲಿರಬಹುದಾದದ್ದು ಹೆಚ್ಚೆಂದರೆ 90 ದಿನ. ಆ ದಿನಗಳನ್ನು ಚಳಿಗಾಲದಲ್ಲಿ ಕಳೆಯುವಂತೆ ಮಾಡಬೇಡಿ. ಬಾಣಂತನದಂಥ ಅನಿವಾರ್ಯ ಕಾರಣವಿಲ್ಲದಿದ್ದರೆ ಮೇ ತಿಂಗಳ ನಂತರದ ಟಿಕೆಟ್ ತೆಗೆಯಿರಿ. ಮಂಡಿನೋವಿನ ಹಿರಿಯರು ನಾಲ್ಕು ಗೋಡೆಗಳೊಳಗೆ ಜನವರಿ ಕಳೆದು, ಮೊಮ್ಮಕ್ಕಳೊಂದಿಗೆ ಒಮ್ಮೆಯೂ ಪಾರ್ಕಿಗೆ ಹೋಗಲಾಗದೆ ಮರಳಿದ್ದನ್ನು ಕಂಡು ನಮಗೆ ನೋವಾಗಿದೆ. ಅವರು ಬಂದ ಮೇಲಿನ ಹವ್ಯಾಸಕ್ಕೆಂದು ಮಾರ್ಚ್‌ನಲ್ಲೇ ಕಿಟಕಿಯ ಬಳಿ ಮೆಣಸಿನಕಾಯಿ, ಟೊಮೆಟೊ ಸಸಿಗಳನ್ನು ಎಬ್ಬಿಸಿಟ್ಟುಕೊಳ್ಳಬಹುದು. ಮೇ ನಡುವಿನವರೆಗೂ ಕೆಲವು ರಾತ್ರಿ ಇಬ್ಬನಿ ಹೆಪ್ಪುಗಟ್ಟುವುದರಿಂದ ಅವನ್ನು ಹೊರಗಿನ ಮಣ್ಣಿಗೆ ಇಳಿಸುವುದು, ಮೆಂತ್ಯ ಮತ್ತು ಕೊತ್ತಂಬರಿ ಬಿತ್ತುವುದು ಅದರ ನಂತರವೇ ಆಗಲಿ.