ಹಿಂದೆ ದಪ್ಪ, ಮುಂದೆ ಸಣ್ಣ: ಕಾರಿಗೆ ಎರಡು ಅಳತೆಯ ಟೈರ್ ಹಾಕಿಸುವ ಮುನ್ನ

ಮಂಡ್ಯದಲ್ಲಿರುವ ನಮ್ಮ ಭಾವ ಹೋದ ವರ್ಷ ಕಾರಿನ ಹಿಂದಿನ ಎರಡು ಚಕ್ರಕ್ಕೆ ದಪ್ಪ ಟೈರ್ ಹಾಕಿಸಿದರು. "ಹಾಕ್ಸ್‌ಬುಟ್ಟೆ ಕಣಪ್ಪಾ, ಎಂಗದೆ ನೋಡು" ಅಂತ ಫೋಟೊ ಬೇರೆ ಕಳಿಸಿದರು. ನೋಡೋಕೆ ಚೆನ್ನಾಗೇ ಇತ್ತು. ಆಮೇಲೆ ಒಂದು ಭಾನುವಾರ ಐದು ಜನ ಕೂತು ಮೇಲುಕೋಟೆಗೆ ಹೊರಟೆವು. ಪ್ರತಿ ಹಂಪ್‌ನಲ್ಲೂ ಹಿಂದಿನಿಂದ 'ಕರ್ರ್' ಅಂತ ಸದ್ದು. ಇಳಿದು ನೋಡಿದರೆ ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಉಜ್ಜಿ ಬೆಳ್ಳಗಾಗಿತ್ತು. ಟೈರಿನ ಅಂಚಿನಲ್ಲಿ ಬೆರಳಗಲದ ಗೆರೆ. ಅಂಗಡಿಯವರು "ರಿಮ್ಮೂ 15, ಟೈರೂ 15, ಕೂರುತ್ತೆ ಸಾರ್" ಅಂದಿದ್ದರಂತೆ. ಕೂತಿದ್ದೇನೋ ನಿಜ.

ಹಾಗಂತ ಎರಡು ಅಳತೆಯ ಟೈರ್ ಹಾಕುವುದೇ ತಪ್ಪು ಅಂತಲ್ಲ. ಬಿಎಂಡಬ್ಲ್ಯೂ 3 ಸೀರೀಸ್‌ನ ಕೆಲವು ಮಾದರಿಗಳು ಕಾರ್ಖಾನೆಯಿಂದಲೇ ಮುಂದೆ 225/45 ಆರ್ 18, ಹಿಂದೆ ಇನ್ನೂ ಅಗಲದ 255/40 ಆರ್ 18 ಹಾಕಿಕೊಂಡು ಬರುತ್ತವೆ. ಆದರೆ ಅದು ಹೇಗೆ ಸರಿಹೋಗುತ್ತದೆ ಅನ್ನುವುದನ್ನು ತಿಳಿದುಕೊಂಡು ಕೈ ಹಾಕಬೇಕು.

ಮೊದಲು, ನಿಮ್ಮ ಕಾರನ್ನು ಓಡಿಸುವ ಚಕ್ರ ಯಾವುದು ನೋಡಿ. ಆ ಬಿಎಂಡಬ್ಲ್ಯೂಗಳಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಅಲ್ಲಿ ಹಿಡಿತ ಜಾಸ್ತಿ ಬೇಕು, ಅದಕ್ಕೇ ಅಗಲ. ನಮ್ಮ ಬೀದಿಗಳಲ್ಲಿ ಓಡಾಡುವ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರದಿಂದ ಓಡುವಂಥವು. ಎಳೆಯುವುದೂ ಮುಂದಿನದೇ, ತಿರುಗುವುದೂ ಮುಂದಿನದೇ, ಬ್ರೇಕಿನ ಭಾರ ಹೆಚ್ಚು ಬೀಳುವುದೂ ಮುಂದಿನದರ ಮೇಲೇ. ಹಿಂದೆ ಮಾತ್ರ ದಪ್ಪ ಟೈರ್ ಹಾಕಿದರೆ ಚಾಮುಂಡಿ ಬೆಟ್ಟದ ತಿರುವಿನಲ್ಲಿ ಕಾರು ತಿರುಗುವ ಬದಲು ನೇರಕ್ಕೇ ಜಾರುವ ಚಾಳಿ ಹೆಚ್ಚುತ್ತದೆ. ನನ್ನ ಮಟ್ಟಿಗೆ ಇಂಥ ಕಾರಿಗೆ ಇದು ಬರೀ ಶೋಕಿ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರಾದರೆ ಈ ಆಸೆಯನ್ನೇ ಬಿಡಿ. ಹಿಂದೆ ಮುಂದೆ ಸುತ್ತು ಹೊಂದದೆ ಗೇರಿನ ಭಾಗಗಳು ಬಿಸಿಯಾಗಿ ಹಾಳಾಗುತ್ತವೆ. "ಟ್ರ್ಯಾಕ್ಟರ್‌ಗೆ ಹಿಂದೆ ದೊಡ್ಡದು, ಮುಂದೆ ಚಿಕ್ಕದು ಇರಲ್ವಾ?" ಅಂತ ಭಾವ ಕೇಳಿದ್ದರು. ಇರುತ್ತೆ. ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್‌ನಲ್ಲಿ ಆ ವ್ಯತ್ಯಾಸಕ್ಕೆ ತಕ್ಕಂತೆ ಗೇರನ್ನೂ ಹೊಂದಿಸಿಯೇ ಕಳಿಸಿರುತ್ತಾರೆ.

ಇಷ್ಟಾದ ಮೇಲೂ ಮನಸ್ಸು ಕೇಳದಿದ್ದರೆ ಪೆನ್ನು ಪೇಪರ್ ತೆಗೆದುಕೊಳ್ಳಿ. ಟೈರಿನ ಮೇಲೆ 185/65 ಆರ್ 15 ಅಂತ ಇದ್ದರೆ 185 ಅನ್ನುವುದು ಮಿಲಿಮೀಟರಿನಲ್ಲಿ ಅಗಲ. 65 ಅಂದರೆ ಟೈರಿನ ಗೋಡೆಯ ಎತ್ತರ ಆ ಅಗಲದ ಶೇ 65. ಕೊನೆಯ 15, ರಿಮ್ಮಿನ ಇಂಚು. ಗೋಡೆ ಮೇಲೂ ಇದೆ, ಕೆಳಗೂ ಇದೆ ಅಲ್ವಾ? ಆದ್ದರಿಂದ 185ರ ಶೇ 65, ಅಂದರೆ 120.25, ಅದರ ಎರಡರಷ್ಟು 240.5. ರಿಮ್ 15 ಇಂಚು ಅಂದರೆ 381 ಮಿ.ಮೀ. ಎರಡನ್ನೂ ಕೂಡಿಸಿದರೆ 621.5 ಮಿ.ಮೀ. ಇದು ಟೈರಿನ ಪೂರ್ತಿ ಎತ್ತರ.

ಭಾವನ ಕಾರಿನದೂ ಇದೇ ಅಳತೆ. ಹಿಂದೆ ಹಾಕಿಸಿದ್ದು ಮಾತ್ರ 205/65 ಆರ್ 15. ಅದರ ಎತ್ತರ 647.5. ಅಂದರೆ 26 ಮಿ.ಮೀ. ಹೆಚ್ಚು, ಹತ್ತಿರ ಹತ್ತಿರ ಶೇ 4. ಟೈರಿನ ತಲೆ ಮಡ್‌ಗಾರ್ಡಿನ ಕಡೆಗೆ 13 ಮಿ.ಮೀ. ಏರಿತು, ಪಕ್ಕಕ್ಕೂ ಒಂದೊಂದು ಕಡೆ 10 ಮಿ.ಮೀ. ಉಬ್ಬಿತು. ಐದು ಜನ ಕೂತಾಗ ಉಜ್ಜದೆ ಇನ್ನೇನಾದೀತು? ಅಷ್ಟೇ ಅಲ್ಲ. ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿ.ಮೀ. ಈ ಲೆಕ್ಕದಲ್ಲಿ ಅಷ್ಟು ದೂರಕ್ಕೆ ಮುಂದಿನ ಚಕ್ರ 23,000 ಸುತ್ತು ಹಾಕಿದರೆ ಹಿಂದಿನದು ಅದಕ್ಕಿಂತ 900 ಸುತ್ತು ಕಡಿಮೆ ಹಾಕುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಕೆಲಸ ಮಾಡುವುದೇ ಚಕ್ರಗಳ ವೇಗ ಹೋಲಿಸಿ. ಯಾವುದೋ ಚಕ್ರ ಬೇರೆಯವಕ್ಕಿಂತ ನಿಧಾನವಾಗಿ ತಿರುಗಿದರೆ ಅದಕ್ಕೆ ಚಕ್ರ ಜಾಮ್ ಆಗುತ್ತಿದೆ ಅನ್ನುವ ಅನುಮಾನ ಬರುತ್ತದೆ. ವ್ಯತ್ಯಾಸ ಹೆಚ್ಚಾದಷ್ಟೂ ಲೆಕ್ಕ ತಪ್ಪುವ ಭಯ ಹೆಚ್ಚು.

ಅದೇ ಅಗಲದಲ್ಲಿ 205/60 ತೆಗೆದುಕೊಂಡಿದ್ದರೆ ಎತ್ತರ 627. ವ್ಯತ್ಯಾಸ ಶೇ 1ರ ಒಳಗೇ. ಅಗಲ ಹೆಚ್ಚಿದರೆ ನಡುವಿನ ಅಂಕಿ ಇಳಿಯಬೇಕು, ಗುಟ್ಟು ಇಷ್ಟೇ. ಬಿಎಂಡಬ್ಲ್ಯೂನ ಆ ಎರಡು ಟೈರ್‌ಗಳ ಲೆಕ್ಕವನ್ನು ನೀವೇ ಹಾಕಿ ನೋಡಿ. ಎತ್ತರದಲ್ಲಿ ಎರಡು ಮಿ.ಮೀ. ವ್ಯತ್ಯಾಸವೂ ಬರುವುದಿಲ್ಲ.

ಇನ್ನು ರಿಮ್. ಇಂಚು ಸರಿಯಿದ್ದರೆ ಸಾಲದು, ರಿಮ್ಮಿನ ಅಗಲವೂ ಹೊಂದಬೇಕು. 205/60 ಆರ್ 15 ಟೈರಿಗೆ ಕಡಿಮೆ ಅಂದರೂ 5.5 ಇಂಚು ಅಗಲದ ರಿಮ್ ಬೇಕು. ಐದು ಇಂಚಿನದಕ್ಕೆ ಒತ್ತಿ ಕೂರಿಸಿದರೆ ಟೈರ್ ಬಲೂನಿನಂತೆ ಉಬ್ಬಿ, ತಿರುವಿನಲ್ಲಿ ಅಲ್ಲಾಡುತ್ತದೆ. ಅಳತೆಯ ಪಕ್ಕದಲ್ಲಿ 88ಎಚ್ ಅಂತೇನೋ ಇರುತ್ತದಲ್ಲ, ಅದನ್ನೂ ನೋಡಿ. 88 ಅಂದರೆ ಒಂದು ಟೈರ್ 560 ಕೆ.ಜಿ. ಹೊರಬಲ್ಲದು, ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಡೆಯುತ್ತದೆ. ಕಂಪನಿ ಕೊಟ್ಟದ್ದಕ್ಕಿಂತ ಇವೆರಡೂ ಕಡಿಮೆ ಇರಬಾರದು.

ಎಡಕ್ಕೂ ಬಲಕ್ಕೂ ಮಾತ್ರ ಒಂದೇ ಅಳತೆ, ಒಂದೇ ಡಿಸೈನ್. ಇದರಲ್ಲಿ ರಾಜಿಯೇ ಇಲ್ಲ.

ಹಾಕಿಸಿದ ಮೇಲೆ ಅಂಗಡಿಯಿಂದ ಹೊರಡುವ ಮುನ್ನ ಹಿಂದಿನ ಸೀಟಿಗೆ ಮೂರು ಜನರನ್ನು ಕೂರಿಸಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿ ನೋಡಿ. ಒಳಗಡೆ ಸ್ಪ್ರಿಂಗ್ ಪಕ್ಕದಲ್ಲೂ ಬೆರಳು ಆಡುವಷ್ಟು ಜಾಗ ಇರಬೇಕು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಹೇಗಿದ್ದರೂ ಮಾಡಿಸುತ್ತೀರಿ. ಐವತ್ತು ನೂರು ಕಿ.ಮೀ. ಓಡಿದ ಮೇಲೆ ನಟ್ ಇನ್ನೊಮ್ಮೆ ಬಿಗಿ ಮಾಡಿಸಿ.

ದಪ್ಪ ಬೇಡ, ಹಣವಿಲ್ಲದೆ ಎರಡೇ ಹೊಸ ಟೈರ್ ತೆಗೆದುಕೊಳ್ಳುತ್ತಿದ್ದೀರಾ? ಹಳೆಯ ಅಳತೆಯದನ್ನೇ ತಂದು ಹಿಂದೆ ಹಾಕಿಸಿ. ಮುಂದೆ ಹಾಕುವುದು ನಮ್ಮಲ್ಲಿ ರೂಢಿ, ಗೊತ್ತು. ಆದರೆ ಮಳೆಯಲ್ಲಿ ಮುಂದಿನದು ಜಾರಿದರೆ ಸ್ಟಿಯರಿಂಗ್‌ನಲ್ಲಿ ತಿಳಿಯುತ್ತದೆ, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಹಿಡಿತ ಬರುತ್ತದೆ. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ.

ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಹೇಳಿದ ವಿವರಗಳಿಗೆ ಹೊಂದದ ಬದಲಾವಣೆ ಮಾಡುವಂತಿಲ್ಲ. ಡ್ರೈವರ್ ಬಾಗಿಲಿನ ಬಳಿಯ ಸ್ಟಿಕ್ಕರ್‌ನಲ್ಲಿ, ಇಲ್ಲವೇ ಕಾರಿನ ಪುಸ್ತಕದಲ್ಲಿ ಯಾವ ಅಳತೆ ನಡೆಯುತ್ತದೆ ಅಂತ ಬರೆದಿರುತ್ತದೆ. ವಿಮೆಯವರು ನೋಡುವುದೂ ಅದನ್ನೇ.

ಕೊನೆಗೆ ಸ್ಟೆಪ್ನಿ. ಎರಡು ಅಳತೆ ಆದ ಮೇಲೆ ಮುಂದಿನ ಟೈರನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಿಸಿ ಸಮನಾಗಿ ಸವೆಸುವ ದಾರಿ ಮುಚ್ಚಿತು. ಡಿಕ್ಕಿಯಲ್ಲಿರುವ ಸ್ಟೆಪ್ನಿಯೂ ಒಂದು ಜೋಡಿಗೆ ಮಾತ್ರ ಹೊಂದುತ್ತದೆ. ಭಾವನಿಗೆ ಮದ್ದೂರಿನ ಹತ್ತಿರ ಪಂಕ್ಚರ್ ಆಗಿದ್ದು ಹಿಂದಿನ ಟೈರೇ. ಸ್ಟೆಪ್ನಿ ಹಾಕಿಕೊಂಡು ನಿಧಾನವಾಗಿ ಮಂಡ್ಯ ಸೇರಿದರು. ಮಾರನೆಯ ದಿನವೇ ಹಳೆಯ ಅಳತೆಗೆ ವಾಪಸ್ಸಾದರು.