ಜೋತುಬಿದ್ದ ಚರ್ಮದ ಆಪರೇಷನ್‌ಗೆ ವಿಮೆ ಕೇಳಿದಾಗ: ನನ್ನ ಅನುಭವ

ತುಂಬಾ ತೂಕ ಇಳಿಸಿದವರಿಗೆ ಹೊಟ್ಟೆಯ ಕೆಳಗೆ ಚರ್ಮ ಜೋತುಬೀಳುತ್ತದೆ. ಅದನ್ನು ತೆಗೆಸಲು ವಿಮಾ ಕಂಪನಿ ದುಡ್ಡು ಕೊಡುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಕೆಲವೊಮ್ಮೆ ಕೊಡುತ್ತದೆ. ನನ್ನ ಅರ್ಜಿಯನ್ನು ಮೊದಲು ತಿರಸ್ಕರಿಸಿದ್ದರು. ಮೇಲ್ಮನವಿ ಹಾಕಿದ ಮೇಲೆ ಒಪ್ಪಿದರು. ಆ ಒಪ್ಪಿಗೆ ಬಂದದ್ದು ಅರ್ಜಿ ಹಾಕುವುದಕ್ಕೂ ಮೊದಲೇ ಡಾಕ್ಟರ ಹತ್ತಿರ ಬರೆಸಿಟ್ಟಿದ್ದ ಚೀಟಿಗಳಿಂದ.

ವ್ಯಾಯಾಮ ಮಾಡಿ, ಚರ್ಮ ತಾನಾಗಿಯೇ ಬಿಗಿಯಾಗುತ್ತದೆ ಅಂತ ಸುತ್ತಲಿನವರು ಹೇಳುತ್ತಲೇ ಇರುತ್ತಾರೆ. ವರ್ಷಗಟ್ಟಲೆ ಹಿಗ್ಗಿದ ಚರ್ಮದಲ್ಲಿ ಅದನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್, ಎಲಾಸ್ಟಿನ್ ಎಳೆಗಳು ಹಾಳಾಗಿರುತ್ತವೆ. ವ್ಯಾಯಾಮದಿಂದ ಸ್ನಾಯು ಬೆಳೆಯುತ್ತದೆ, ಈ ಎಳೆಗಳು ಮತ್ತೆ ಕೂಡಿಕೊಳ್ಳುವುದಿಲ್ಲ. ಜೋತುಬಿದ್ದ ಚರ್ಮದ ಮಡಿಕೆಯೊಳಗೆ ಗಾಳಿ ಆಡುವುದಿಲ್ಲ, ಬೆವರು ಆರುವುದಿಲ್ಲ. ಚರ್ಮಕ್ಕೆ ಚರ್ಮ ಉಜ್ಜಿ ಕೆಂಪಾಗುತ್ತದೆ. ಕ್ಯಾಂಡಿಡಾ ಅನ್ನುವ ಫಂಗಸ್‌ಗೆ ಅದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ತುರಿಕೆ, ವಾಸನೆ, ಬಿರುಕು, ಕೆಲವರಿಗೆ ಕೀವು. ಇದಕ್ಕೆ ವೈದ್ಯರು ಇಂಟರ್‌ಟ್ರೈಗೋ ಅನ್ನುತ್ತಾರೆ. ವಿಮೆಯ ದೃಷ್ಟಿಯಲ್ಲಿ ಕಾಯಿಲೆ ಅಂದರೆ ಇದೇ. ಕನ್ನಡಿ ನೋಡಿದಾಗ ಆಗುವ ಸಂಕಟಕ್ಕೆ ಅವರ ಲೆಕ್ಕದಲ್ಲಿ ಜಾಗವಿಲ್ಲ. ಆ ಸಂಕಟ ಸಣ್ಣದು ಅಂತ ನಾನು ಖಂಡಿತ ಹೇಳುತ್ತಿಲ್ಲ.

ಇಲ್ಲಿ ಎರಡು ಆಪರೇಷನ್‌ಗಳ ವ್ಯತ್ಯಾಸ ಗೊತ್ತಿರಬೇಕು. ಪ್ಯಾನಿಕ್ಯುಲೆಕ್ಟಮಿಯಲ್ಲಿ ನೇತಾಡುವ ಚರ್ಮ ಮತ್ತು ಕೊಬ್ಬನ್ನು ಕತ್ತರಿಸಿ ತೆಗೆಯುತ್ತಾರೆ. ಅಬ್ಡಾಮಿನೋಪ್ಲಾಸ್ಟಿಯಲ್ಲಿ, ಅಂದರೆ ಜನ ಟಮ್ಮಿ ಟಕ್ ಅನ್ನುವುದರಲ್ಲಿ, ಹೊಟ್ಟೆಯ ಸ್ನಾಯುಗಳನ್ನೂ ಬಿಗಿ ಮಾಡಿ ಹೊಕ್ಕುಳನ್ನು ಹೊಸ ಜಾಗಕ್ಕೆ ಕೂರಿಸುತ್ತಾರೆ. ಮೊದಲನೆಯದನ್ನು ಚಿಕಿತ್ಸೆ ಅಂತ ಒಪ್ಪಿಸಲು ದಾರಿ ಇದೆ. ಎರಡನೆಯದನ್ನು ಸಾಮಾನ್ಯವಾಗಿ ಅಂದದ ಆಪರೇಷನ್ ಅಂತ ಪಕ್ಕಕ್ಕೆ ಇಡುತ್ತಾರೆ. ನಾನು ಮೊದಲನೆಯದನ್ನು ಮಾತ್ರ ಕೇಳಿದೆ. ಎರಡನ್ನೂ ಒಟ್ಟಿಗೆ ಮಾಡಿಸಬೇಕು ಅನ್ನುವವರು ಯಾವ ಭಾಗದ ಖರ್ಚು ಯಾರದು ಅಂತ ಸರ್ಜನ್ ಹತ್ತಿರ ಮೊದಲೇ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ತೋಳು, ತೊಡೆಯ ಚರ್ಮಕ್ಕೆ ಒಪ್ಪಿಗೆ ಸಿಗುವುದು ಇನ್ನೂ ಕಷ್ಟ.

ಪಾಲಿಸಿ ತೆಗೆದು ಕಾಸ್ಮೆಟಿಕ್ ಸರ್ಜರಿಯ ಷರತ್ತನ್ನು ಪೂರ್ತಿ ಓದಿ. ವೈದ್ಯಕೀಯವಾಗಿ ಅಗತ್ಯವಿದ್ದರೆ ಅನ್ನುವ ವಿನಾಯಿತಿ ಅಲ್ಲೇ ಇರಬಹುದು. ಈ ಆಪರೇಷನ್‌ಗೆ ಏನೇನು ಮಾನದಂಡ ಇದೆ ಅಂತ ಕಂಪನಿಯನ್ನು ಬರಹದಲ್ಲೇ ಕೇಳಿ. ಮಡಿಕೆ ಜನನಾಂಗದ ಮೇಲಿನ ಮೂಳೆಗಿಂತ ಕೆಳಗೆ ಇಳಿದಿರಬೇಕು, ದದ್ದಿಗೆ ಸುಮಾರು 3 ತಿಂಗಳು ಚಿಕಿತ್ಸೆ ಮಾಡಿದರೂ ವಾಸಿಯಾಗಿರಬಾರದು, ತೂಕ 6 ತಿಂಗಳಾದರೂ ಒಂದೇ ಮಟ್ಟದಲ್ಲಿ ನಿಂತಿರಬೇಕು ಅಂತ ಕೇಳುವ ಕಂಪನಿಗಳು ಬಹಳ. ಬೇರಿಯಾಟ್ರಿಕ್ ಸರ್ಜರಿ, ಅಂದರೆ ತೂಕ ಇಳಿಸಲು ಮಾಡುವ ಆಪರೇಷನ್, ಆಗಿದ್ದರೆ ಅದಾಗಿ 12ರಿಂದ 18 ತಿಂಗಳು ಕಳೆದಿರಬೇಕು ಅನ್ನುವುದೂ ಉಂಟು.

ನನ್ನ ಫೈಲ್ ಬೆಳೆದದ್ದು ಹೀಗೆ. ದದ್ದು ಎದ್ದಾಗಲೆಲ್ಲ ಡಾಕ್ಟರ ಹತ್ತಿರ ಹೋದೆ. ಮನೆಯಲ್ಲಿ ಮುಲಾಮು ಇತ್ತು, ಹಚ್ಚಿಕೊಂಡು ಸುಮ್ನೆ ಇರಬಹುದಿತ್ತು. ಆದರೆ ಮನೆಯಲ್ಲೇ ವಾಸಿ ಮಾಡಿಕೊಂಡ ದದ್ದು ಯಾವ ದಾಖಲೆಯಲ್ಲೂ ಇರುವುದಿಲ್ಲ ಅಲ್ವಾ? ಚೀಟಿಯಲ್ಲಿ ಬರೀ "ದದ್ದು" ಅಂತ ಇದ್ದರೆ ಸಾಲದು. "ಡಾಕ್ಟ್ರೇ, ಎಲ್ಲಿ ಆಗಿದೆ, ಬಿರುಕು ಬಿಟ್ಟಿದೆಯಾ, ಹೋದ ಸಲದ ಔಷಧಿಯಿಂದ ಎಷ್ಟು ಗುಣವಾಯ್ತು, ಅದನ್ನೂ ಬರೆದುಕೊಡಿ" ಅಂತ ಕೇಳುತ್ತಿದ್ದೆ. ಅವರು ಬೇಸರಪಡಲಿಲ್ಲ. ಫಂಗಸ್‌ಗೆ ಕೊಟ್ಟ ಪುಡಿ, ಮುಲಾಮು, ಮಾತ್ರೆ, ಯಾವುದನ್ನು ಯಾವಾಗ ಶುರು ಮಾಡಿದೆ, ಯಾವಾಗ ನಿಲ್ಲಿಸಿದೆ ಅನ್ನುವುದೆಲ್ಲ ಚೀಟಿಗಳಲ್ಲೇ ಸಿಕ್ಕಿತು. ತೂಕವನ್ನೂ ಕ್ಲಿನಿಕ್ಕಿನಲ್ಲೇ ನೋಡಿಸಿ ಬರೆಸಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ಫೋಟೋ. ನಿಂತು ಎದುರಿನಿಂದ, ಎರಡೂ ಪಕ್ಕದಿಂದ, ಮತ್ತೆ ಮಡಿಕೆ ಎತ್ತಿ ಒಳಗಿನ ಹುಣ್ಣು ಕಾಣುವ ಹಾಗೆ ತೆಗೆಸಬೇಕು. ಅಷ್ಟು ಕಷ್ಟಪಟ್ಟು ತೂಕ ಇಳಿಸಿದ ಮೇಲೆ ದೇಹದ ಆ ಭಾಗವನ್ನೇ ಯಾರದೋ ಮೇಜಿಗೆ ಕಳಿಸುವುದು ನೋವಿನ ಕೆಲಸ. ಆದರೂ ತೆಗೆಸಿ. ದದ್ದು ಜೋರಾಗಿದ್ದಾಗಲೇ ತೆಗೆಸಿ, ತಾರೀಕು ಹಾಕಿಸಿ. ಮಡಿಕೆ ಎಷ್ಟು ಇಳಿದಿದೆ ಅನ್ನುವುದಕ್ಕೆ ಸರ್ಜನ್‌ಗಳು 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ. 3 ಅಂದರೆ ತೊಡೆಯ ಮೇಲ್ಭಾಗ, 5 ಅಂದರೆ ಮೊಣಕಾಲಿನವರೆಗೆ. ಪತ್ರದಲ್ಲಿ ಆ ದರ್ಜೆ ಇರಲಿ. ನನ್ನ ಮಾಮೂಲಿ ಡಾಕ್ಟರು, ಚರ್ಮದ ಡಾಕ್ಟರು, ಸರ್ಜನ್ ಮೂವರೂ ಪತ್ರ ಕೊಟ್ಟರು. ಮೂರರಲ್ಲೂ ಒಂದೇ ಕಥೆ ಇರುವುದು ಮುಖ್ಯ. ಒಬ್ಬರು ವಾಸಿಯಾಗಿದೆ ಅಂತ, ಇನ್ನೊಬ್ಬರು ಆಗಿಲ್ಲ ಅಂತ ಬರೆದಿದ್ದರೆ ಕಂಪನಿಯವರು ಮೊದಲು ಹಿಡಿಯುವುದು ಅದನ್ನೇ.

ಇಷ್ಟಾದರೂ "ಕಾಸ್ಮೆಟಿಕ್" ಅಂತ ತಿರಸ್ಕಾರದ ಪತ್ರ ಬಂತು. ಆ ಪತ್ರ ನೋಡಿ ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಯಾವ ಷರತ್ತಿನ ಮೇಲೆ ತಿರಸ್ಕರಿಸಿದ್ದೀರಿ ಅಂತ ಬರಹದಲ್ಲಿ ಕೇಳಿದೆ. ಮೇಲ್ಮನವಿಗೆ ಗಡುವು ಇರುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ. ನನ್ನ ಮನವಿಯಲ್ಲಿ ಅಳಲು ತೋಡಿಕೊಳ್ಳಲಿಲ್ಲ. ಅವರದೇ ಮಾನದಂಡವನ್ನು ಒಂದೊಂದಾಗಿ ಬರೆದು, ಪಕ್ಕದಲ್ಲಿ ನನ್ನ ಯಾವ ಚೀಟಿ, ಯಾವ ಪುಟ, ಯಾವ ಫೋಟೋ ಅದಕ್ಕೆ ಉತ್ತರ ಅಂತ ಸೂಚಿಸಿದೆ. ನನ್ನ ಸರ್ಜನ್ ಕಂಪನಿಯ ವೈದ್ಯರ ಜೊತೆ ನೇರವಾಗಿ ಫೋನಿನಲ್ಲಿ ಮಾತಾಡಿದರು. ನನ್ನ ಅನಿಸಿಕೆಯಲ್ಲಿ ಚೀಟಿಗಳ ಜೊತೆಗೆ ಹೆಚ್ಚು ಕೆಲಸ ಮಾಡಿದ್ದು ಆ ಮಾತುಕತೆ. ಕಾಗದದಲ್ಲಿ ಕಾಣದ ವಿಷಯವನ್ನು ಒಬ್ಬ ವೈದ್ಯರು ಇನ್ನೊಬ್ಬರಿಗೆ ಬೇಗ ತಿಳಿಸಬಲ್ಲರು. ಇದೂ ಫಲಿಸದಿದ್ದರೆ ಕಂಪನಿಯ ಹೊರಗಿನ ಸ್ವತಂತ್ರ ಪರಿಶೀಲನೆಗೆ ಹೋಗುವ ಅವಕಾಶ ಇದೆಯಾ ಅಂತ ವಿಚಾರಿಸಿ.

ಕಾಯುವ ಸಮಯವನ್ನು ದೇಹಕ್ಕೆ ಕೊಡಿ. ಬೇರಿಯಾಟ್ರಿಕ್ ಸರ್ಜರಿ ಆದವರಲ್ಲಿ ಪ್ರೋಟೀನ್, ಕಬ್ಬಿಣ, ಬಿ12 ಕಡಿಮೆ ಇರುವುದು ಸಾಮಾನ್ಯ. ಹಾಗಿದ್ದರೆ ಗಾಯ ನಿಧಾನವಾಗಿ ಕೂಡುತ್ತದೆ. ಸಿಗರೇಟು ಸೇದುವವರು ನಿಲ್ಲಿಸಲೇಬೇಕು. ಹೊಲಿಗೆ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಬರುತ್ತದೆ. ಒಳಗೆ ನೀರು ತುಂಬುವ ಸೆರೋಮಾ ಆಗದಿರಲಿ ಅಂತ ಸಾಮಾನ್ಯವಾಗಿ ಡ್ರೇನ್ ಕೊಳವೆ ಇಟ್ಟಿರುತ್ತಾರೆ.

ಒಪ್ಪಿಗೆ ಪತ್ರ ಬಂದ ಕೂಡಲೇ ಅದರಲ್ಲಿ ಏನೇನು ಸೇರಿದೆ ಅಂತ ಓದಿ. ಸರ್ಜನ್, ಅರಿವಳಿಕೆ ವೈದ್ಯರು, ಆಸ್ಪತ್ರೆಯಲ್ಲಿ ಉಳಿಯುವುದು, ಆಮೇಲಿನ ತಪಾಸಣೆ, ಎಲ್ಲವೂ. ನನ್ನ ಪತ್ರದಲ್ಲಿ ಅರಿವಳಿಕೆಯ ಮಾತೇ ಇರಲಿಲ್ಲ. ಅದನ್ನೂ ಸೇರಿಸಿ ಬರೆದುಕೊಡಿ ಅಂತ ಕೇಳಿ, ಆ ಪತ್ರ ಕೈಗೆ ಬಂದ ಮೇಲೇ ಆಪರೇಷನ್‌ಗೆ ದಿನ ಹಿಡಿಸಿದೆ.